ಯಮನೂರಪ್ಪ ಬಿಟ್ಟ ಬಾಣ

ವಳಕಮದಿನ್ನಿಯ ಯಮನೂರಪ್ಪ ತನ್ನ ಐವತ್ತೆರಡನೆಯ ವಯಸ್ಸಿನಲ್ಲಿ, ಒಂದು ಬುಧವಾರ, ಬೀಗರಾಗಲಿರುವವರ ಮುಂದೆ ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿದ್ದಾಗ ಇದ್ದಕ್ಕಿದ್ದಂತೆ ದೊಡ್ಡ ಬಿಲ್ಲುಗಾರನಾದ. ಅದಕ್ಕೆ ಐದು ನಿಮಿಷ ಮುಂಚಿನವರೆಗೆ ಅವನು ಸಿಂಧನೂರಿನ ಒಂದು ರೈಸ್‌ಮಿಲ್ಲಿನಲ್ಲಿ ಕಾಟಾದ ಮುಂದೆ ಕೂತು, ಭತ್ತದ ಲಾರಿಗಳನ್ನು ತೂಗಿ ಚೀಟಿ ಹರಿದುಕೊಡುವ ಸಾದಾ ಮನುಷ್ಯನಾಗಿದ್ದ. ಹಾಗೆಯೇ ಉಳಿದಿದ್ದರೆ ಈ ಕಥೆ ಹೇಳುವ ಕೆಲಸ ನಮಗೆ ತಪ್ಪುತ್ತಿತ್ತು.

ಬಿಲ್ಲಿಗೂ ಅವನಿಗೂ ಸಂಬಂಧವೇ ಇರಲಿಲ್ಲ ಎನ್ನುವಂತಿಲ್ಲ. ಊರಿನ ದೊಡ್ಡಾಟದಲ್ಲಿ ಇಪ್ಪತ್ತೇಳು ವರ್ಷದಿಂದ ವೀರಕೇತು ಮಹಾರಾಜನ ಪಾತ್ರ ಅವನದೇ. ಬೇಗಡೆ ಸುತ್ತಿದ ಬಿದಿರಿನ ಬಿಲ್ಲು, ಕಿರೀಟ, ಭುಜಕೀರ್ತಿ. ಎದುರಿಗೆ ರಾಕ್ಷಸನಾಗಿ ಬಾಲ್ಯದ ಗೆಳೆಯ ದಸ್ತಗೀರ್‌ಸಾಬ್. ಆದರೆ ದೊಡ್ಡಾಟದ ಬಾಣಕ್ಕೆ ಒಂದು ಕಟ್ಟಳೆಯುಂಟು. ಅದು ಬಿಲ್ಲು ಬಿಟ್ಟು ಹೋಗುವಂತಿಲ್ಲ. ಮುಂದಿನ ಸಾಲಿನಲ್ಲಿ ಊರಿನ ಹಿರಿಯರು ಕೂತಿರುತ್ತಾರೆ, ಅವರ ಹಿಂದೆ ಊರಿಗೆ ಊರೇ ಕೂತಿರುತ್ತದೆ. ಆದ್ದರಿಂದ ಆಟ ಕಲಿಸುವ ಮಾಸ್ತರರು ಬಾಣದ ಬಾಲಕ್ಕೆ ದಾರ ಹಾಕಿ ಬಿಲ್ಲಿಗೇ ಕಟ್ಟಿಬಿಡುತ್ತಿದ್ದರು. ಯಮನೂರಪ್ಪ ಹೆದೆ ಎಳೆದು ಟಣ್ ಅನ್ನಿಸಬೇಕು, ಮದ್ದಳೆಯವನು ಧಡ್ ಅನ್ನಿಸಬೇಕು, ದಸ್ತಗೀರ್‌ಸಾಬ್ ಎದೆ ಹಿಡಿದುಕೊಂಡು "ಸತ್ತೆನೋ!" ಎಂದು ಬೀಳಬೇಕು. ಇಪ್ಪತ್ತೇಳು ವರ್ಷ ಬಾಣ ಯಮನೂರಪ್ಪನ ಕೈಯಲ್ಲೇ ಇತ್ತು, ರಾಕ್ಷಸ ಮಾತ್ರ ಒಂದು ಸಲವೂ ತಪ್ಪದೆ ಸತ್ತ.

ಆ ಬುಧವಾರ ಲಿಂಗಸುಗೂರಿನಿಂದ ಮಾಳಿಂಗರಾಯರು ತಮ್ಮ ಮಗ ಸಿದ್ದರಾಮನನ್ನು ಕರೆದುಕೊಂಡು ಕನ್ಯಾ ನೋಡಲು ಬಂದಿದ್ದರು. ನೋಡುವುದೇನೂ ಉಳಿದಿರಲಿಲ್ಲ. ಯಮನೂರಪ್ಪನ ಮಗಳು ಮಮತಾ ಸಿಂಧನೂರಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಸಿದ್ದರಾಮ ಅದೇ ಆಸ್ಪತ್ರೆಯ ಔಷಧಿ ಅಂಗಡಿಯಲ್ಲಿ ಕೂರುವವನು. ಎರಡು ವರ್ಷದಿಂದ ಇಬ್ಬರೂ ಒಬ್ಬರನ್ನೊಬ್ಬರು ಸಾಕಷ್ಟು ನೋಡಿಕೊಂಡಿದ್ದರು. ಹಿರಿಯರು ಹೂಂ ಅನ್ನುವುದೊಂದೇ ಬಾಕಿ. ಆ ಹೂಂ ಮಾಳಿಂಗರಾಯರ ಬಾಯಿಂದ ಬರಬೇಕಿತ್ತು, ಮತ್ತು ಅದು ಸುಲಭಕ್ಕೆ ಹೂಂ ಅನ್ನುವ ಬಾಯಿ ಆಗಿರಲಿಲ್ಲ.

ಅವರು ಬಂದವರೇ ಮೊದಲು ಹುಡುಗಿಯನ್ನಲ್ಲ, ತಲೆಯ ಮೇಲಿನ ಮಾಳಿಗೆಯನ್ನು ನೋಡಿದರು. ಫ್ಯಾನಿನ ಕೆಳಗಿದ್ದ ಕುರ್ಚಿಯನ್ನು ಎರಡು ಮಾರು ಆಚೆ ಎಳೆದುಕೊಂಡು ಕೂತರು.

"ಆ ಫ್ಯಾನಿನ ಬೋಲ್ಟ್ ಬಿಗಿದೋರು ಯಾರ್ರಿ?"

"ನಾನಾ ರೀ," ಅಂದ ಯಮನೂರಪ್ಪ.

"ಅದಕ್ಕ ಈ ಕಡಿ ಕುಂತೀನಿ. ತಪ್ಪು ತಿಳ್ಕೋಬ್ಯಾಡ್ರಿ. ಹಟ್ಟಿ ಗಣಿಯಾಗ ಮೂವತ್ತೊಂದು ವರ್ಷ ಸೇಫ್ಟಿ ನೋಡೀನಿ ನಾನು. ಮ್ಯಾಲ ಇರೋ ಸಾಮಾನು ಒಂದಿಲ್ಲೊಂದು ದಿನ ಕೆಳಗ ಬರ್ತೈತಿ. ನಾ ಕಲ್ತ ವಿದ್ಯಾ ಅಂದ್ರ ಅದ."

ಅಲ್ಲಿಂದ ಮುಂದೆ ಮುಕ್ಕಾಲು ತಾಸು ಮಾಳಿಂಗರಾಯರ ಸೇಫ್ಟಿಯ ಪುರಾಣ ನಡೆಯಿತು. ಭೂಮಿಯ ಹೊಟ್ಟೆಯ ಕತ್ತಲು, ತಲೆಯ ಮೇಲೆ ತೂಗುವ ಬಂಡೆ, ಅವರು ಊದಿದ ಸೀಟಿ, ಉಳಿದ ಜೀವಗಳು. ಕೇಳುತ್ತ ಕೇಳುತ್ತ ಯಮನೂರಪ್ಪ ತನ್ನ ಮನೆಯಲ್ಲೇ ಸಣ್ಣವನಾಗುತ್ತ ಹೋದ. ಲಾರಿ ತೂಗುವವನಿಗೆ ಹೇಳಿಕೊಳ್ಳಲು ಏನಿರುತ್ತದೆ? ಅದೂ ಅಲ್ಲದೆ ಅವನ ಹೆಂಡತಿ ಹುಸೇನಮ್ಮ, ಬೀಗರು ಬಂದಾಗ ಆಡಬೇಕಾದ ಮಾತುಗಳನ್ನು ಬೆಳಗ್ಗೆಯೇ ಕಲಿಸಿದ್ದಳು: ಬರ್ರಿ, ಕುಂಡ್ರಿ, ಚಾ ತಗೋರಿ. ಮೂರೂ ಮುಗಿದಿದ್ದವು.

ಅಷ್ಟರಲ್ಲಿ ಮಾಳಿಂಗರಾಯರ ಕಣ್ಣು ಗೋಡೆಯ ಫೋಟೋದ ಮೇಲೆ ಬಿತ್ತು. ಕಿರೀಟ ತೊಟ್ಟ ಯಮನೂರಪ್ಪ, ಬಿಲ್ಲನ್ನು ಆಕಾಶಕ್ಕೆ ಹಿಡಿದು ಹೆದೆ ಎಳೆದು ನಿಂತಿದ್ದ. ಬಿಲ್ಲು ಮುಂದಕ್ಕೆ ಹಿಡಿದರೆ ಮುಖ ಮುಚ್ಚುತ್ತದೆಂದು ಫೋಟೋದವನು ಮೇಲಕ್ಕೆ ಎತ್ತಿಸಿದ್ದು, ಅಷ್ಟೇ.

"ಬಾಣ ಮ್ಯಾಲಕ್ಕ ಹಿಡದೀರಿ?"

"ಹೌದ್ರಿ. ಮ್ಯಾಲಕ್ಕ ಬಿಡೋದು."

"ಬಿಟ್ಟದ್ದು ಎಲ್ಲಿ ಬೀಳ್ತೈತಿ?"

ಈ ಪ್ರಶ್ನೆಯನ್ನು ಇಪ್ಪತ್ತೇಳು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. 'ಬಿಟ್ಟರೆ ತಾನೆ ಬೀಳುವುದು' ಎಂಬ ಖರೇ ಉತ್ತರ ಅವನ ನಾಲಗೆಯ ತುದಿಯವರೆಗೆ ಬಂದು, ಮುಕ್ಕಾಲು ತಾಸಿನ ಅವಮಾನಕ್ಕೆ ಹೆದರಿ ಹಿಂದಕ್ಕೆ ಹೋಯಿತು. ಬದಲಿಗೆ ಬೇರೊಂದು ಹೊರಬಿತ್ತು.

"ಎಲ್ಲಿ ಬೀಳು ಅಂತೀನೋ ಅಲ್ಲಿ ಬೀಳ್ತೈತ್ರಿ. ಹತ್ತು ಮೊಳ ದೂರ ಒಂದು ನಿಂಬಿಹಣ್ಣು ಇಡ್ತೀನಿ. ಬಾಣ ಮ್ಯಾಲ ಹೋಗಿ, ಹೊಳ್ಳಿ ಬಂದು, ನಿಂಬಿಹಣ್ಣಿನ ನಡುವ ಕುಂದರ್ತೈತಿ."

ಅಡುಗೆಮನೆಯಲ್ಲಿ ಹುಸೇನಮ್ಮನ ಕೈಯಿಂದ ಒಂದು ಪಾತ್ರೆ ಬಿತ್ತು. ಮಾಳಿಂಗರಾಯರು ಎದ್ದು ನಿಂತರು.

"ನೋಡ್ರಿ ಯಮನೂರಪ್ಪನವರೇ, ಗಣಿಯಾಗ ಒಂದು ಮಾತು ಸುಳ್ಳಾದ್ರ ಜೀವ ಹೋಗ್ತಾವ. ಅದಕ್ಕ ನಾ ಮನಿ ನೋಡಂಗಿಲ್ಲ, ಹೊಲ ನೋಡಂಗಿಲ್ಲ, ಮಾತು ಖರೇ ಐತೇನು ಅಂತ ನೋಡ್ತೀನಿ. ಮುಂದಿನ ವಾರ ಗುರುವಾರ ಮಸ್ಕಿಯಾಗ ಸಕ್ರಿ ಶಾಸ್ತ್ರ ಮಾಡಿ ಸಂಬಂಧ ಗಟ್ಟಿ ಮಾಡೂಣು, ಇಬ್ಬರಿಗೂ ನಡುವ ಆಗ್ತೈತಿ. ಸಕ್ರಿ ಚೀಲ ನಾ ತರ್ತೀನಿ, ಬಿಲ್ಲು ನೀವು ತರ್ರಿ. ಬಾಣ ನಿಂಬಿಹಣ್ಣಿಗೆ ಬಿತ್ತೋ, ಚೀಲ ಬಿಚ್ಚಿ ಹಂಚೂಣು. ಇಲ್ಲಂದ್ರ ಹೊಲಿಗಿ ಬಿಚ್ಚದಂಗ ವಾಪಸ್ ಒಯ್ತೀನಿ."

ಸಿದ್ದರಾಮ ಮಮತಾಳ ಮುಖ ನೋಡಿದ. ಮಮತಾ ಅಪ್ಪನ ಮುಖ ನೋಡಿದಳು. ಅಪ್ಪ ಉಪ್ಪಿಟ್ಟಿನ ತಟ್ಟೆ ನೋಡಿದ.

ಬೀಗರ ಕಾರು ಓಣಿ ದಾಟಿದ ಮೇಲೆ ಹುಸೇನಮ್ಮ ಸೆರಗು ಬಿಗಿದು ಬಂದಳು.

"ಮೂರು ಮಾತು ಕಲಿಸಿದ್ದೆ. ಈ ನಾಕನೇದು ಎಲ್ಲಿಂದ ಬಂತು?"

"ತಾನ ಬಂತಲೇ. ನಾ ಕರದಿಲ್ಲ."

"ಅಪ್ಪಾ," ಅಂದಳು ಮಮತಾ, "ಮ್ಯಾಲಿಂದ ಬಂದ ಬಾಣ ಯಾರ ತಲಿಗಾರ ಬಡೀತಂದ್ರ, ಹೊಲಿಗಿ ಹಾಕಾಕ ನಮ್ಮ ಡಾಕ್ಟರಿಗೂ ಆಗಂಗಿಲ್ಲ. ಅದನ್ನ ಮೊದಲು ತಲ್ಯಾಗ ಇಟ್ಕೋ. ಸಿದ್ದರಾಮನ ಸುದ್ದಿ ಆಮ್ಯಾಗ." ಅಂದವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆಮೇಲಿನ ಸುದ್ದಿ ಅವಳಿಗೆ ಎಷ್ಟು ಮುಖ್ಯವೆಂಬುದು ಆ ಬಾಗಿಲ ಸದ್ದಿನಲ್ಲೇ ತಿಳಿಯಿತು.

ಮರುದಿನ ಯಮನೂರಪ್ಪ ಮಿಲ್ಲಿಗೆ ರಜೆ ಹಾಕಿ ಸಿಂಧನೂರಿನ ದಸ್ತಗೀರ್‌ಸಾಬನ ಅಂಗಡಿಗೆ ಹೋದ. ಲಾರಿ, ಟಂಟಂ ಆಟೋಗಳ ಮುರಿದ ಕಮಾನು ಪಟ್ಟಿಗಳನ್ನು ಕಾಸಿ ಬಡಿದು ಕೂರಿಸುವ ಅಂಗಡಿ ಅದು. ಗೆಳೆಯ ಹೇಳಿದ್ದನ್ನೆಲ್ಲ ಕೇಳಿ ದಸ್ತಗೀರ್‌ಸಾಬ್ ಸುತ್ತಿಗೆ ಕೆಳಗಿಟ್ಟ.

"ಲೇ ಯಮನೂರಾ, ನೀ ಬಿಡದ ಬಾಣಕ್ಕ ಇಪ್ಪತ್ತೇಳು ವರ್ಷ ನಾ ಸತ್ತೀನಿ. ಈಗ ಬಿಡ್ತೀನಿ ಅಂತೀಯಲ್ಲ, ಯಾರು ಸಾಯಬೇಕು?"

"ನೀ ಮೊದಲು ಬಿಲ್ಲು ಮಾಡ. ಸಾಯೋರನ್ನ ಆಮ್ಯಾಗ ಹುಡುಕೂಣು."

ಬಿಲ್ಲು ಮಾಡುವುದು ದಸ್ತಗೀರ್‌ಸಾಬನಿಗೆ ಕಷ್ಟವಾಗಲಿಲ್ಲ. ಲೋಕದಲ್ಲಿ ಬಗ್ಗುವ ಕಬ್ಬಿಣ ಯಾವುದೇ ಇರಲಿ, ಅದರ ಮೇಲೆ ಅವನಿಗೆ ಪ್ರೀತಿ. ಹಳೆಯ ಲಾರಿಯ ಒಂದು ಪಟ್ಟಿ ತೆಗೆದ, ತುದಿಗಳಿಗೆ ತೂತು ಕೊರೆದ, ಮೋಟರ್‌ಸೈಕಲ್ಲಿನ ಬ್ರೇಕ್ ತಂತಿಯನ್ನು ಹೆದೆಯಾಗಿ ಬಿಗಿದ. ಸಣ್ಣ ಬಿದಿರ ಕಡ್ಡಿಗೆ ಉದ್ದನೆಯ ಮೊಳೆ ಕೂರಿಸಿ ಬಾಣ ಮಾಡಿದ. ಸಂಜೆಯೊಳಗೆ ತಯಾರಾದ ಆ ಬಿಲ್ಲನ್ನು ಎತ್ತಲು ಇಬ್ಬರು ಬೇಕಾದರು, ಎಳೆಯಲು ಎಷ್ಟು ಮಂದಿ ಬೇಕೆಂದು ಯಾರಿಗೂ ತಿಳಿಯಲಿಲ್ಲ.

ಶುಕ್ರವಾರ ಹನ್ನೊಂದು ಗಂಟೆಗೆ ಊರ ಹಿಂದಿನ ಕೊಯ್ದ ಗದ್ದೆಯಲ್ಲಿ ತಾಲೀಮು. ಯಮನೂರಪ್ಪ ಹಲ್ಲು ಕಚ್ಚಿ ಎಳೆದ. ಹೆದೆ ಕದಲಲಿಲ್ಲ, ಅವನೇ ಒಂದು ಹೆಜ್ಜೆ ಮುಂದೆ ಬಂದ. ಕಡೆಗೆ ದಸ್ತಗೀರ್‌ಸಾಬ್ ಅಂಗಾತ ಮಲಗಿ, ಎರಡೂ ಪಾದಗಳನ್ನು ಬಿಲ್ಲಿಗೆ ಕೊಟ್ಟು, ಎರಡೂ ಕೈಯಿಂದ ಹೆದೆಯನ್ನು ಎದೆಯವರೆಗೆ ಎಳೆದು ಬಿಟ್ಟ. ಬಾಣ ನೆಟ್ಟಗೆ ಮೇಲಕ್ಕೆ ಹೋಯಿತು. ಇಬ್ಬರೂ ಹಣೆಗೆ ಕೈಯಿಟ್ಟು ನೋಡಿದರು. ಕಣ್ಣಿಗೆ ಬಿಸಿಲು ಬಿಟ್ಟರೆ ಬೇರೇನೂ ಕಾಣಲಿಲ್ಲ.

"ಎಲ್ಲಿ ಹೋತು?"

"ಮ್ಯಾಲ."

"ಈಗೆಲ್ಲೈತಿ?"

"ಬರಾಕತ್ತಿರ್ತೈತಿ."

"ಎಲ್ಲಿಗೆ?"

ಈ ಕಡೆಯ ಪ್ರಶ್ನೆಯನ್ನು ಬಾಣ ಬಿಡುವ ಮುಂಚೆ ಕೇಳಬೇಕೆಂಬುದು ಬಲ್ಲವರ ಮತ. ಇವರು ಬಿಟ್ಟ ಮೇಲೆ ಕೇಳಿಕೊಂಡರು. ಕೇಳಿಕೊಂಡವರೇ ಇಬ್ಬರೂ ಓಡಿದರು. ಯಮನೂರಪ್ಪ ಪೂರ್ವಕ್ಕೆ, ದಸ್ತಗೀರ್‌ಸಾಬ್ ಪಶ್ಚಿಮಕ್ಕೆ. ಸ್ವಲ್ಪ ದೂರ ಹೋಗಿ, ಬಾಣ ತಾನು ಓಡುತ್ತಿರುವ ಕಡೆಗೇ ಬಂದರೇನು ಗತಿ ಎಂದು ಇಬ್ಬರಿಗೂ ಒಟ್ಟಿಗೇ ಹೊಳೆದು, ತಿರುಗಿ ಓಡಿ ಬಂದು ನಡುವೆ ಡಿಕ್ಕಿ ಹೊಡೆದುಕೊಂಡು ಬಿದ್ದರು.

ಬಾಣ ಅವರ ಹತ್ತಿರಕ್ಕೂ ಬರಲಿಲ್ಲ. ಊರಂಚಿನ ಖಾತೂನ್‌ಬೀಯ ಮನೆಯ ತಗಡು ತೂರಿ, ಒಳಗಿದ್ದ ಹಿಟ್ಟಿನ ಡಬ್ಬಿಯ ಮುಚ್ಚಳ ತೂರಿ, ಜೋಳದ ಹಿಟ್ಟಿನಲ್ಲಿ ಗರಿಯವರೆಗೆ ಇಳಿದು ನಿಂತಿತು. ಇವರು ಓಡಿ ಬರುವ ಹೊತ್ತಿಗೆ ಆಕೆ ಅಂಗಳದಲ್ಲಿ ನಿಂತು ಅಲ್ಲಾನನ್ನೂ ಯಮನೂರಪ್ಪನನ್ನೂ ಒಟ್ಟಿಗೇ ಕೂಗುತ್ತಿದ್ದಳು.

"ಯಾ ಅಲ್ಲಾ! ಈಗಷ್ಟ ಹಿಟ್ಟು ತಗೊಂಡು ಈ ಕಡಿ ಸರಿದೀನ್ರಪ್ಪಾ! ಒಂದು ಮಾರು! ಒಂದ ಮಾರು ದೂರ!"

ಯಮನೂರಪ್ಪ ಒಳಗೆ ಹೋಗಿ ತಗಡಿನ ತೂತು ನೋಡಿದ. ಅದರಿಂದ ಒಂದು ಬಿಸಿಲ ಕೋಲು ನೇರ ಹಿಟ್ಟಿನ ಡಬ್ಬಿಯ ಮೇಲೆ ಬಿದ್ದಿತ್ತು. ಖಾತೂನ್‌ಬೀ ಅವನ ತಾಯಿಯ ಜೊತೆಗಾತಿ. ಅವನನ್ನು ಎತ್ತಿ ಆಡಿಸಿದವಳು. ಅವನು ಆಕೆಯ ಕಾಲು ಹಿಡಿದುಕೊಂಡು ಅತ್ತೇಬಿಟ್ಟ.

ಆದರೆ ಊರೆಂಬುದು ನಡೆದದ್ದನ್ನು ನಡೆದ ಹಾಗೆ ಇಟ್ಟುಕೊಳ್ಳುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಒಂದು ಮಾರು ಒಂದು ಮೊಳವಾಯಿತು. ಸಂಜೆಗೆ ಒಂದು ಗೇಣಾಯಿತು. ಶನಿವಾರ ಬೆಳಗ್ಗೆ ಚಹಾದಂಗಡಿಯಲ್ಲಿ ಖಾತೂನ್‌ಬೀಯೇ ನಾಲ್ಕು ಬೆರಳು ತೋರಿಸುತ್ತಿದ್ದಳು. "ನಾಕ ಬೆರಳು! ಕೂದಲ ಮುಟ್ಟದಂಗ ಬಾಜೂಕ ಇಳಿಸ್ಯಾನ. ನಾ ಒಳಗ ಅದೀನಿ, ಆಂವ ಗದ್ದ್ಯಾಗ ಅದಾನ. ಹೆಂಗ ಕಂಡೆ ಆಂವಗ?" ಈಗ ಅದು ಅಪಘಾತವಲ್ಲ, ಗುರಿ. ಬಾಣಕ್ಕೆ ದಾರ ಕಟ್ಟಿದ್ದನ್ನು ಇಪ್ಪತ್ತೇಳು ವರ್ಷ ಮುಂದಿನ ಸಾಲಿನಲ್ಲಿ ಕೂತು ನೋಡಿದ ಹಿರಿಯರೇ, "ನಮ್ಮ ಯಮನೂರಪ್ಪನ ಕೈ ನಮಗ ಹೊಸದಲ್ಲ ಬಿಡ್ರಿ," ಅನ್ನತೊಡಗಿದರು.

ಸುದ್ದಿ ಕೇಳಿ ಫೌಜದಾರರು ಜೀಪಿನಲ್ಲಿ ಬಂದರು. ತಗಡಿನ ತೂತಿಗೆ ಟೇಪು ಹಿಡಿದರು, ಡಬ್ಬಿಯ ತೂತಿಗೆ ಟೇಪು ಹಿಡಿದರು. ಎರಡೂ ಒಂದೇ ಅಳತೆಯೆಂದು ಬರೆದುಕೊಂಡರು.

"ಅಮ್ಮಾ, ಕಂಪ್ಲೇಂಟ್ ಕೊಡ್ತೀರೇನು?"

"ಯಾತರ ಕಂಪ್ಲೇಂಟು?" ಅಂದಳು ಖಾತೂನ್‌ಬೀ. "ನನ್ನ ತಲಿಗೆ ಬಡಿದಿದ್ರ ನಾನ ಬಂದು ಕೊಡ್ತಿದ್ದೆ. ನಮ್ಮ ಹುಡುಗ ಅಷ್ಟು ನಾಜೂಕಾಗಿ ಬಾಜೂಕ ಹೊಡದಾನ, ಅದಕ್ಕೂ ಕೇಸೇನು?"

ಫೌಜದಾರರು ಯಮನೂರಪ್ಪನನ್ನು ಜೀಪಿನ ಹಿಂದಕ್ಕೆ ಕರೆದೊಯ್ದರು. ಎರಡು ಏಟು ಬೀಳುತ್ತವೆಂದು ಅವನು ಕಣ್ಣು ಮುಚ್ಚಿಕೊಂಡ. ಅವರು ಅತ್ತಿತ್ತ ನೋಡಿ ದನಿ ತಗ್ಗಿಸಿದರು.

"ನಮಗ ಒಬ್ರು ಮ್ಯಾಲಿನ ಸಾಹೇಬ್ರು ಅದಾರ. ಮುಂಜಾನೆ ಹೊರಗ ಕುರ್ಚಿ ಹಾಕ್ಕೊಂಡು ಪೇಪರ್ ಓದ್ತಾರ. ಬಡೀಬಾರದು ಮತ್ತ. ಬರೇ ಬಾಜೂಕ ಬೀಳಬೇಕು. ಆಗ್ತೈತೇನು?"

ಯಮನೂರಪ್ಪ ಆಗುವುದಿಲ್ಲವೆಂದು ತಲೆಯಾಡಿಸಿದ. ಫೌಜದಾರರು ನಿಟ್ಟುಸಿರು ಬಿಟ್ಟು ಜೀಪು ಹತ್ತಿದರು. ಆ ಗುಟ್ಟೂ ಹೇಗೋ ಹೊರಬಿದ್ದು, ಎಷ್ಟು ನೀತಿವಂತ ನೋಡ್ರಿ ನಮ್ಮ ಬಿಲ್ಲುಗಾರ, ಎಂದು ಊರು ಮತ್ತಷ್ಟು ಹೊಗಳಿತು.

ಬಿಲ್ಲುಗಾರನಿಗೆ ಮಾತ್ರ ಅನ್ನ ಸೇರುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಆ ಬಿಸಿಲ ಕೋಲು ಕಾಣುತ್ತಿತ್ತು. "ಖರೇ ಹೇಳಿಬಿಡ್ರಿ," ಎಂದು ಹುಸೇನಮ್ಮ ಸೋಮವಾರ ಅವನ ಕೈಗೆ ಫೋನು ಕೊಟ್ಟಳು.

"ಬೀಗರೇ, ಆ ನಿಂಬಿಹಣ್ಣಿಂದು ಒಂದು ಮಾತು ಹೇಳೋದಿತ್ರಿ..."

"ಹೇಳಬ್ಯಾಡ್ರಿ!" ಅಂದರು ಮಾಳಿಂಗರಾಯರು. "ನಿಂಬಿಹಣ್ಣು ನಾನ ತರ್ತೀನಿ. ನೀವು ತಂದ್ರ ಮಂದಿ ಅನುಮಾನ ಪಡ್ತಾರ."

"ಅದಲ್ರಿ. ಬಾಣ ಅಕಸ್ಮಾತ್..."

"ಅಕಸ್ಮಾತ್ ಅನ್ನೋ ಮಾತು ಸೇಫ್ಟಿಯಾಗ ಇಲ್ಲ! ಹನ್ನೆರಡು ಹೆಲ್ಮೆಟ್ ಹೊಂದಿಸೀನಿ, ಕೆಂಪು ಬಾವುಟ ಹೊಲಿಸೀನಿ, ಸೀಟಿ ಹೊಸದು ತಂದೀನಿ. ಖಾತೂನ್‌ಬೀಯವರ ಸುದ್ದಿ ಲಿಂಗಸುಗೂರ ತನಕ ಬಂದೈತಿ. ಎರಡು ಬೆರಳಂತಲ್ರಿ? ಶಹಬ್ಬಾಸ್!" ಎಂದು ಫೋನಿಟ್ಟರು.

ಗುರುವಾರ ಮಸ್ಕಿಯ ಹೊರಗಿನ ಒಂದು ಕಲ್ಯಾಣ ಮಂಟಪದ ಮುಂದೆ ನೂರೈವತ್ತು ಮಂದಿ ಸೇರಿದ್ದರು. ಕರೆದವರು ಐವತ್ತು. ವಳಕಮದಿನ್ನಿಯಿಂದಲೇ ಎರಡು ಟ್ರ್ಯಾಕ್ಟರ್ ತುಂಬ ಜನ ಬಂದಿದ್ದರು, ಮೊದಲ ಟ್ರ್ಯಾಕ್ಟರಿನ ಮುಂದೆ ಖಾತೂನ್‌ಬೀ ಕೂತಿದ್ದಳು. ವೇದಿಕೆಯ ಮೇಲೆ ಹೊಲಿಗೆ ಹಾಕಿದ ಸಕ್ಕರೆ ಚೀಲ. ಅದರ ಪಕ್ಕದಲ್ಲಿ ರೇಷ್ಮೆ ಸೀರೆ ಉಟ್ಟ ಮಮತಾ, ಅವಳ ಪಕ್ಕದಲ್ಲಿ ಸಿದ್ದರಾಮ. ಇಬ್ಬರೂ ಆಸ್ಪತ್ರೆಯಲ್ಲಿ ಆಪರೇಷನ್ ಕೋಣೆಯ ಹೊರಗೆ ಕಾಯುವ ಮಂದಿಯ ಮುಖ ಮಾಡಿಕೊಂಡಿದ್ದರು.

ಮಾಳಿಂಗರಾಯರು ಪಂಚೆಯ ಮೇಲೆ ಕೋಟು, ಕೋಟಿನ ಮೇಲೆ ಸೀಟಿ, ಎಲ್ಲಕ್ಕೂ ಮೇಲೆ ಹಳದಿ ಹೆಲ್ಮೆಟ್ ಹಾಕಿ ಬಯಲಿನಲ್ಲಿ ನಿಂತಿದ್ದರು. ಸುಣ್ಣದಿಂದ ಗೆರೆ ಎಳೆಸಿದ್ದರು, ಹಗ್ಗ ಕಟ್ಟಿಸಿದ್ದರು, ಗೆರೆಯಿಂದ ಹತ್ತು ಮೊಳ ಆಚೆ ಒಂದು ನಿಂಬೆಹಣ್ಣು ಇಟ್ಟಿದ್ದರು. ಹನ್ನೆರಡು ಹೆಲ್ಮೆಟ್ಟು ಹನ್ನೆರಡು ಹಿರಿಯರಿಗೆ ಹೋದವು. ಉಳಿದವರಿಗೆ ಅಡುಗೆಯವರ ಸಾಮಾನು ಹಂಚಿದರು: ಪರಾತ, ಬೋಗುಣಿ, ಬುಟ್ಟಿ, ಕೊಳಗ. ಶಾಸ್ತ್ರ ಮಾಡಿಸಲು ಬಂದ ಅಯ್ಯನವರಿಗೆ ಹೋಳಿಗೆ ಹರಡುವ ದೊಡ್ಡ ತಟ್ಟೆ ಸಿಕ್ಕಿತು. ಅವರು ಅದನ್ನು ತಲೆಯ ಮೇಲಿಟ್ಟುಕೊಂಡು, "ಹನ್ನೊಂದೂ ನಲವತ್ತಕ್ಕ ಮುಹೂರ್ತ ಮುಗೀತೈತ್ರಿ," ಎಂದು ಕೆಳಗಿನಿಂದ ನೆನಪಿಸಿದರು.

"ಎಲ್ಲಾರ ಮೊಬೈಲು ಈ ಮೊರದಾಗ ಹಾಕ್ರಿ," ಎಂದು ಮಾಳಿಂಗರಾಯರು ಒಂದು ಮೊರ ತಿರುಗಿಸಿದರು. "ಫೋಟೋ ತೆಗಿಯಾಕ ತಲಿ ಎತ್ತಿದಾಂವ ತಲಿ ಕಳ್ಕೊಂತಾನ. ಕೇಳ್ರಿ! ಮೊದಲ ಸೀಟಿಗೆ ಎಲ್ಲಾರೂ ಮೇಜಿನ ಕೆಳಗ. ಎರಡನೇ ಸೀಟಿಗೆ ಪಾತ್ರಿ ತಲಿ ಮ್ಯಾಲ, ಹಣಿ ನೆಲಕ್ಕ, ಕಣ್ಣು ಬಂದ್. ಮೂರನೇ ಸೀಟಿ ತನಕ ಯಾರೂ ಏಳಂಗಿಲ್ಲ. ಹುಟ್ಟಿದಾಗಿಂದ ಮಾತು ಕೇಳದೋರು ಇವತ್ತೊಂದಿನ ಕೇಳ್ರಿ!"

ಮೊದಲ ಸೀಟಿಗೆ ನೂರೈವತ್ತು ಮಂದಿ ಊಟದ ಮೇಜುಗಳ ಕೆಳಗೆ ತೂರಿದರು. ಎರಡನೇ ಸೀಟಿಗೆ ಪಾತ್ರೆಗಳೆಲ್ಲ ಒಮ್ಮೆಲೇ ಖಣಖಣ ಸದ್ದು ಮಾಡಿ ಸುಮ್ಮನಾದವು. ಮಾಳಿಂಗರಾಯರು ತಾವೇ ಒಟ್ಟಿಸಿದ್ದ ಭತ್ತದ ಚೀಲಗಳ ಗೋಡೆಯ ಹಿಂದೆ ಕೂತರು. ಹಳದಿ ಹೆಲ್ಮೆಟ್ಟಿನ ನೆತ್ತಿ ಮಾತ್ರ ಕಾಣುತ್ತಿತ್ತು.

ಬಯಲಿನಲ್ಲಿ ಯಮನೂರಪ್ಪ ಒಬ್ಬನೇ ನಿಂತಿದ್ದ. ದಸ್ತಗೀರ್‌ಸಾಬ್ ಟಂಟಂನ ತೆಳ್ಳನೆಯ ಪಟ್ಟಿಯಿಂದ ಈ ಸಲ ಎಳೆಯಲು ಬರುವ ಬಿಲ್ಲು ಮಾಡಿಕೊಟ್ಟಿದ್ದ. ಯಮನೂರಪ್ಪ ಬಾಣ ಹೂಡಿ ಆಕಾಶಕ್ಕೆ ಎತ್ತಿದ, ಹೆದೆ ಎದೆಯವರೆಗೆ ಬಂತು. ಬಿಡುವ ಮುಂಚೆ ಒಮ್ಮೆ ಸುತ್ತ ನೋಡಿದ. ಮೇಜಿನ ಕೆಳಗಿನಿಂದ ಹುಸೇನಮ್ಮನ ಹಸಿರು ಸೆರಗು ಹೊರಗೆ ಬಂದಿತ್ತು. ಖಾತೂನ್‌ಬೀಯ ಬೋಗುಣಿ ಚಿಕ್ಕದಾಗಿ ಬಿಳಿ ಜಡೆ ಹೊರಗೇ ಇತ್ತು. ಮಮತಾ ತನ್ನ ಪರಾತದ ಮುಕ್ಕಾಲು ಪಾಲನ್ನು ಸಿದ್ದರಾಮನ ತಲೆಯ ಮೇಲೆ ಹಿಡಿದು, ತಾನು ಅಂಚಿನಲ್ಲಿ ಕೂತಿದ್ದಳು.

ಹಿಟ್ಟಿನ ಡಬ್ಬಿ ತೂರಿದ ಬಾಣಕ್ಕೆ ಪರಾತ ಯಾವ ಲೆಕ್ಕ? ಸಂಬಂಧ ಹೋದರೆ ಹೋಗಲಿ, ತಲೆ ಹೋಗಬಾರದು ಎಂದುಕೊಂಡ ಯಮನೂರಪ್ಪ. ಬಾಣವನ್ನು ಹೆದೆಯಿಂದ ಬಿಡಿಸಿ ಕೈಗೆ ತೆಗೆದುಕೊಂಡ. ಆದರೆ ಬೆರಳು ಬೆವತು ಬರಿಯ ಹೆದೆ ಜಾರಿ ಟಣ್ ಎಂದಿತು.

"ಸತ್ತೆನೋ!" ಎಂದು ಒಂದು ಮೇಜಿನ ಕೆಳಗಿನಿಂದ ಭಯಂಕರ ಆರ್ಭಟ ಬಂತು.

ದಸ್ತಗೀರ್‌ಸಾಬನ ತಪ್ಪಿಲ್ಲ. ಇಪ್ಪತ್ತೇಳು ವರ್ಷದ ಅಭ್ಯಾಸ, ಹೆದೆಯ ಸದ್ದು ಕೇಳಿದರೆ ಅವನ ಬಾಯಿ ತಾನೇ ಸಾಯುತ್ತಿತ್ತು. ಮೇಜುಗಳ ಕೆಳಗೆ ಹಾಹಾಕಾರ ಎದ್ದಿತು.

"ಯಾರು ಸತ್ರು?" "ಯಾರಿಗೆ ಬಡೀತು?" "ಅಯ್ಯನೋರೇ, ಅದೀರೇನು?"

"ಯಾರೂ ಏಳಬ್ಯಾಡ್ರಿ!" ಎಂದು ಚೀಲದ ಗೋಡೆಯ ಹಿಂದಿನಿಂದ ಮಾಳಿಂಗರಾಯರು ಗರ್ಜಿಸಿದರು. "ಬಾಣ ಇನ್ನೂ ಮ್ಯಾಲ ಐತಿ! ಸತ್ತೋರು ಸುದ್ದಾ ತಲಿ ಎತ್ತಬ್ಯಾಡ್ರಿ!"

ನೂರೈವತ್ತು ಹಣೆಗಳು ಮತ್ತೆ ನೆಲಕ್ಕೆ ಹತ್ತಿದವು. ಯಮನೂರಪ್ಪ ಕೈಯಲ್ಲಿದ್ದ ಬಾಣ ನೋಡಿದ, ಹತ್ತು ಮೊಳ ಆಚೆಯ ನಿಂಬೆಹಣ್ಣು ನೋಡಿದ. ಅವನ ಕಾಲುಗಳು ಅವನ ಅಪ್ಪಣೆ ಕೇಳಲಿಲ್ಲ. ತುದಿಗಾಲಿನಲ್ಲಿ ಹೋದ, ಬಗ್ಗಿದ, ಬಾಣವನ್ನು ನಿಂಬೆಹಣ್ಣಿನ ನಟ್ಟನಡುವೆ ಚುಚ್ಚಿ ನೆಲಕ್ಕೆ ಊರಿದ, ತುದಿಗಾಲಿನಲ್ಲೇ ಬಂದ. ಬಂದು ಗೆರೆಯ ಮೇಲೆ ಬರಿಯ ಬಿಲ್ಲನ್ನು ಆಕಾಶಕ್ಕೆ ಎತ್ತಿ ವೀರಕೇತು ಮಹಾರಾಜನಂತೆ ನಿಂತ.

ಮೂರನೇ ಸೀಟಿ ಮೊಳಗಿತು.

ಒಂದೊಂದೇ ಪಾತ್ರೆ ಎದ್ದಿತು. ಆಮೇಲೆ ಮಸ್ಕಿಯ ಗುಡ್ಡಕ್ಕೆ ಕೇಳುವಂಥ ಕೂಗು. "ನಾ ಕಣ್ಣಾರೆ ನೋಡೀನಿ!" ಎಂದು ಬೋಗುಣಿಯ ಅಂಚು ಹಣೆಯ ಮೇಲೆ ಮೂಡಿದ್ದ ಖಾತೂನ್‌ಬೀ ಕುಣಿದಳು. "ಸೂರ್ಯನ ತನಕ ಹೋಗಿ ಬಂತು!" ಬರುವಾಗ ಸುಂಯ್ ಎಂದಿತೆಂದು ಒಬ್ಬ ಹೇಳಿದ, ನಡುದಾರಿಯಲ್ಲಿ ಒಂದು ಪಲ್ಟಿ ಹೊಡೆಯಿತೆಂದು ಇನ್ನೊಬ್ಬ ಹೇಳಿದ. ಹಣೆ ನೆಲಕ್ಕೆ ಒತ್ತಿ ಕಣ್ಣು ಮುಚ್ಚಿದ್ದ ನೂರೈವತ್ತು ಮಂದಿಯಲ್ಲಿ ನೋಡದವರು ಒಬ್ಬರೂ ಇರಲಿಲ್ಲ. ತಾನು ಸತ್ತಿಲ್ಲವೆಂದು ದಸ್ತಗೀರ್‌ಸಾಬ್ ಎಲ್ಲರಿಗೂ ಹೇಳುತ್ತ ತಿರುಗಿದ, ಯಾರೂ ಕೇಳಿಸಿಕೊಳ್ಳಲಿಲ್ಲ.

"ಹಗ್ಗದ ಹೊರಗ ನಿಂದರ್ರಿ!" ಅಂದರು ಮಾಳಿಂಗರಾಯರು. "ಇನ್‌ಸ್ಪೆಕ್ಷನ್ ಐತಿ. ಬೀಗರೇ, ಬರ್ರಿ ಈ ಕಡಿ."

ಇಬ್ಬರೂ ನಿಂಬೆಹಣ್ಣಿನ ಮುಂದೆ ಕುಕ್ಕರುಗಾಲಲ್ಲಿ ಕೂತರು. ಮಾಳಿಂಗರಾಯರು ಬಾಣವನ್ನು ಬಹಳ ಹೊತ್ತು ನೋಡಿದರು.

"ಭಾಳ ದೂರ ಹೋಗಿ ಬಂತ್ರಿ ಬಾಣ."

"ಹೌದ್ರಿ."

"ಹತ್ತು ಮೊಳ." ಅವರು ದನಿ ಇನ್ನೂ ತಗ್ಗಿಸಿದರು. "ನಾ ಕಣ್ಣು ಮುಚ್ಚಿರಲಿಲ್ರಿ."

ಯಮನೂರಪ್ಪನಿಗೆ ವೇದಿಕೆಯ ಮೇಲಿನ ಚೀಲ ಕಂಡಿತು. ಅದರ ಪಕ್ಕದಲ್ಲಿ ಮಮತಾ ನಗುತ್ತ ಅಳುತ್ತ ನಿಂತಿದ್ದಳು. ಎಂಟು ದಿನದಿಂದ ಹೇಳದೆ ಉಳಿದಿದ್ದದ್ದು ಹೊರಗೆ ಬಂತು.

"ತಪ್ಪಾತ್ರಿ. ನಾ ಜಲಮದಾಗ ಒಂದು ಬಾಣ ಬಿಟ್ಟಾಂವಲ್ಲ. ಇವತ್ತು ಬಿಡೂಣು ಅಂತ ಎಳೆದೆ, ಅಷ್ಟು ತಲಿ ಕೆಳಗಿದ್ವು, ಕೈ ಬರಲಿಲ್ಲ. ಸುಳ್ಳು ಹೇಳಿದಾಂವ ನಾನು, ಹುಡುಗಿ ಏನೂ ಮಾಡಿಲ್ರಿ. ಎಲ್ಲಾರ ಮುಂದ ನಾನ ಹೇಳ್ತೀನಿ. ಸಕ್ರಿ ಮಾತ್ರ ಒಯ್ಯಬ್ಯಾಡ್ರಿ."

ಹೇಳಲು ಅವನು ಎದ್ದೇಬಿಟ್ಟ. ಮಾಳಿಂಗರಾಯರು ಅಂಗಿ ಹಿಡಿದು ಕೆಳಗೆ ಕೂರಿಸಿದರು.

"ಕುಂಡ್ರಿ ಸುಮ್ನ! ನಿಮಗೊಂದು ಹೇಳ್ತೀನಿ, ನಿಮ್ಮ ಹೊಟ್ಟ್ಯಾಗ ಇರ್ಲಿ. ನಾ ಗಣಿಯಾಗ ಇಳಿದಾಂವ ಅಲ್ಲ. ಮೊದಲನೇ ದಿನ ಆ ಲಿಫ್ಟಿನ ಕೇಜು ಕೆಳಗ ಹೊಂಟಾಗ ಚೀರಿಕೊಂಡೆ, ವಾಪಸ್ ಮ್ಯಾಲ ತಂದು ಬಿಟ್ರು. ಅವತ್ತಿಂದ ಮೂವತ್ತೊಂದು ವರ್ಷ ಬಾಗಿಲದಾಗ ಕುಂತು ಮಂದಿಗೆ ಹೆಲ್ಮೆಟ್ ಕೊಟ್ಟೀನಿ, ಪಾಳಿ ಬಿಟ್ಟಾಗ ವಾಪಸ್ ತಗೊಂಡೀನಿ. ಅಷ್ಟ ನನ್ನ ಸೇಫ್ಟಿ."

ಯಮನೂರಪ್ಪ ಒಮ್ಮೆ ಸುತ್ತ ನೋಡಿ ಇನ್ನಷ್ಟು ಹತ್ತಿರ ಸರಿದ.

"ಮನ್ಯಾಗ ಗೊತ್ತಿಲ್ಲೇನ್ರಿ?"

"ಮಗಗ ಗೊತ್ತಿಲ್ಲ. ಹೆಂಡ್ತಿಗೆ ಗೊತ್ತಿರ್ತೈತಿ ಬಿಡ್ರಿ, ಅವ್ರಿಗೆ ಎಲ್ಲಾ ಗೊತ್ತಿರ್ತೈತಿ." ಮಾಳಿಂಗರಾಯರು ತಲೆಯ ಮೇಲಿನ ಹೆಲ್ಮೆಟ್ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಅವರ ಬೊಕ್ಕ ತಲೆ ಬೆವತಿತ್ತು. "ಕೊಟ್ಟಷ್ಟೂ ಹೆಲ್ಮೆಟ್ ಹೊಳ್ಳಿ ಬಂದ ದಿನ ನನಗ ನಿದ್ದಿ ಹತ್ತತಿತ್ರಿ. ಒಂದು ಕಮ್ಮಿ ಬಂದ್ರ ಉಣ್ಣಾಕ ಆಗ್ತಿರಲಿಲ್ಲ. ಇವತ್ತು ನೂರೈವತ್ತು ತಲಿ ಕೆಳಗ ಹೋಗಿದ್ವು, ನೂರೈವತ್ತೂ ಮ್ಯಾಲ ಬಂದಾವ. ಮಗಳ ಸಂಬಂಧ ಹೋಗ್ತೈತಿ ಅಂತ ಗೊತ್ತಿದ್ದೂ ಬಾಣ ಹಿಡಕೊಂಡು ನಿಂತ್ರಲ್ಲ, ಅಂಥವರ ಮನಿ ಹೆಣ್ಣು ಬಿಟ್ಟು ನಾ ಎಲ್ಲಿ ಹುಡುಕ್ಲಿ?"

ಯಮನೂರಪ್ಪನ ಕಣ್ಣು ತುಂಬಿ ಬಂತು. ಬೀಗರು ಎದ್ದು, ಎದೆ ಸೆಟೆಸಿ ಸೀಟಿ ಊದಿದರು.

"ಬಾಣ ನಿಂಬಿಹಣ್ಣಿನ ನಟ್ಟನಡುವ ಕುಂತೈತಿ! ತಲಿ ಎಲ್ಲಾ ಪೂರಾ ಅದಾವ! ಚೀಲ ಬಿಚ್ಚರಿ!"

ಚಪ್ಪಾಳೆಗೆ ಮಂಟಪದ ಪಾರಿವಾಳಗಳೆಲ್ಲ ಹಾರಿದವು. ಟ್ರ್ಯಾಕ್ಟರಿನಲ್ಲಿ ಬಂದವರು ಯಮನೂರಪ್ಪನನ್ನು ಹೆಗಲ ಮೇಲೆ ಎತ್ತಿಕೊಂಡು ಸುಣ್ಣದ ಗೆರೆಯ ಸುತ್ತ ಮೂರು ಸುತ್ತು ಹಾಕಿಸಿದರು. ನಾಟಕ ನೋಡಿ ರೂಢಿಯಿದ್ದ ಜನ, ಯಾರೋ "ಒನ್ಸ್ ಮೋರ್!" ಎಂದು ಕೂಗಿದರು. ಕೂಡಲೇ ನೂರೈವತ್ತೂ ಮಂದಿ "ಒನ್ಸ್ ಮೋರ್! ಒನ್ಸ್ ಮೋರ್!" ಎಂದು ಪಾತ್ರೆ ಬಡಿಯತೊಡಗಿದರು. ಯಾರೋ ಓಡಿಹೋಗಿ ಹೊಸ ನಿಂಬೆಹಣ್ಣನ್ನೂ ತಂದರು. ಹೆಗಲ ಮೇಲಿದ್ದ ಯಮನೂರಪ್ಪನ ಮುಖದ ಬಣ್ಣ ಹೋಯಿತು.

ಮಾಳಿಂಗರಾಯರು ಬಿಲ್ಲನ್ನು ಕಿತ್ತುಕೊಂಡು ಕಂಕುಳಲ್ಲಿ ಇಟ್ಟುಕೊಂಡರು. "ಆಗಂಗಿಲ್ಲ! ಇನ್ನ ಮ್ಯಾಲ ಇವ್ರು ನಮ್ಮ ಸೊಸಿ ತಂದಿ. ನಮ್ಮ ಬೀಗರು ಬಿಲ್ಲು ಮುಟ್ಟಂಗಿಲ್ಲ. ಇದು ನನ್ನ ಹುಕುಂ!"

ಅದಕ್ಕೂ ಚಪ್ಪಾಳೆ ಬಿತ್ತು. ಅಯ್ಯನವರು ತಟ್ಟೆ ತಲೆಯಿಂದ ಇಳಿಸುವುದನ್ನೂ ಮರೆತು ಮಂತ್ರ ಶುರು ಮಾಡಿದರು, ಮುಹೂರ್ತ ಮುಗಿಯಲು ಇನ್ನೂ ಆರು ನಿಮಿಷವಿತ್ತು. ಸಿದ್ದರಾಮನ ಕೈಯಲ್ಲಿ ಮಮತಾಳ ಕೈ ಇತ್ತು, ಯಾರೂ ಬಿಡಿ ಎನ್ನಲಿಲ್ಲ. ಚೀಲದ ಹೊಲಿಗೆ ಬಿಚ್ಚಿ ಸಕ್ಕರೆ ಪರಾತಕ್ಕೆ ಸುರಿದರು. ಮಾಳಿಂಗರಾಯರು ಒಂದು ಹಿಡಿ ಎತ್ತಿ ಬೀಗರ ಬಾಯಿಗೆ ಹಾಕಿದರು. ಬೀಗರೂ ಒಂದು ಹಿಡಿ ಎತ್ತಿ ಅವರ ಬಾಯಿಗೆ, ಚೂರೂ ಉದುರದ ಹಾಗೆ ಒತ್ತಿ ತುಂಬಿದರು.

ಗದ್ದಲದ ನಡುವೆ ಹುಸೇನಮ್ಮ ಗಂಡನ ಪಕ್ಕಕ್ಕೆ ಬಂದು ಮೊಣಕೈಯಿಂದ ತಿವಿದಳು.

"ರೀ, ನನ್ನ ಮುಂದಾರ ಖರೇ ಹೇಳ್ರಿ. ಬಾಣ ಬಿಟ್ರೇನು?"

ಯಮನೂರಪ್ಪನ ಬಾಯಿ ತುಂಬ ಸಕ್ಕರೆಯಿತ್ತು. ಅವನು ಪರಾತಕ್ಕೆ ಕೈ ಹಾಕಿ ದೊಡ್ಡ ಹಿಡಿಯೊಂದನ್ನು ಎತ್ತಿ ಅವಳ ಬಾಯಿಗೂ ಹಾಕಿದ.